ಮರುಭೂಮಿಗೆ ಮನೆಸಮೇತ

ಅಮೆರಿಕದ ನೈಋತ್ಯ ಮರುಭೂಮಿಯಲ್ಲಿ ಚಳಿಗಾಲದಿಂದ ವಸಂತದವರೆಗೆ ಹೆಚ್ಚಾಗಿ ಕಾಣಸಿಗುವ ಜೀವಿಗಳಲ್ಲಿ ಆರ್‌ವಿ ಎಂಬ ಮನೆಗಾಡಿ ಏರಿ ಬರುವ ಕ್ರೈಸ್ತ ಕುಟುಂಬವೂ ಒಂದು. ವಾಹನದ ಉದ್ದ 25ರಿಂದ 30 ಅಡಿ. ಒಳಗೆ ಮಂಚ, ಒಲೆ, ಫ್ರಿಜ್, ಶವರ್, ಕಕ್ಕಸು ಎಲ್ಲವೂ ಇರುತ್ತವೆ. ಹಿಂಬದಿಯಲ್ಲಿ ಕ್ರೈಸ್ತರ ಸಂಕೇತವಾದ ಮೀನಿನ ಗುರುತಿನ ಸ್ಟಿಕರ್, ಅದರ ಮೇಲೆ ನೇತುಹಾಕಿದ ಸೈಕಲ್ಲುಗಳು. ತಂದೆ, ತಾಯಿ, ನಾಲ್ಕು ಮಕ್ಕಳು, ಒಂದು ನಾಯಿ. ಅಮೆರಿಕದ ಕ್ರೈಸ್ತರೆಲ್ಲ ಹೀಗೇ ಇರುತ್ತಾರೆಂದು ತಿಳಿಯಬಾರದು. ಸದ್ದಿಲ್ಲದೆ ಬಂದು ಸದ್ದಿಲ್ಲದೆ ಹೋಗುವವರೇ ಅವರಲ್ಲಿ ಹೆಚ್ಚು. ಇಲ್ಲಿ ವಿವರಿಸುತ್ತಿರುವುದು ಟೆಕ್ಸಸ್ ಕಡೆಯಿಂದ ಬರುವ, ಬೈಬಲನ್ನು ಅಕ್ಷರಶಃ ನಂಬುವ, ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುವ ಪಂಗಡವನ್ನು. ಶಾಲೆ ಮನೆಯಲ್ಲಿ, ಮನೆ ಚಕ್ರದ ಮೇಲೆ. ಹಾಗಾಗಿ ರಜೆ ಚೀಟಿಯ ತಾಪತ್ರಯವಿಲ್ಲ.

ಈ ಜಾತಿಯ ಪ್ರವಾಸಕ್ಕೆ ಅಂಥ ದೊಡ್ಡ ಇತಿಹಾಸವೇನಿಲ್ಲ. ಅಯೋವಾದ ಫಾರೆಸ್ಟ್ ಸಿಟಿಯ ವಿನ್ನಬೇಗೊ ಕಂಪನಿ ತನ್ನ ಮೊದಲ ಮೋಟಾರ್ ಹೋಮ್ ಹೊರತಂದದ್ದು 1966ರಲ್ಲಿ. ಅದೇ ವರ್ಷ ಗುಡ್ ಸ್ಯಾಮ್ ಎಂಬ ಆರ್‌ವಿ ಕ್ಲಬ್ಬೂ ಹುಟ್ಟಿತು. ದಾರಿಯಲ್ಲಿ ಕೆಟ್ಟು ನಿಂತವರಿಗೆ ಉಳಿದವರು ನೆರವಾಗಬೇಕೆಂಬುದು ಅದರ ಮೂಲ ಉದ್ದೇಶ; ಹೆಸರು ಬಂದದ್ದು ಯೇಸು ಹೇಳಿದ ಒಳ್ಳೆಯ ಸಮಾರ್ಯದವನ ಕಥೆಯಿಂದ. ಆದರೆ ಕುಟುಂಬದ ಯಜಮಾನನ ಲೆಕ್ಕದಲ್ಲಿ ಈ ಪರಂಪರೆ ಮೋಶೆಯಿಂದಲೇ ಶುರು. ಇಸ್ರಾಯೇಲ್ಯರು 40 ವರ್ಷ ಮರುಭೂಮಿಯಲ್ಲಿ ಅಲೆದರು, ತಾನೂ ಮೂರು ವಾರ ಅಲೆಯುತ್ತೇನೆ ಎಂಬುದು ಅವನ ವಾದ. ಅವರು ದೇವರು ಸುರಿಸಿದ ಮನ್ನವೆಂಬ ಆಹಾರವನ್ನು ದಿನ ಬೆಳಗಾದರೆ ಆರಿಸಿ ತರಬೇಕಿತ್ತು, ರಾತ್ರಿಗೆ ಇಟ್ಟರೆ ಹುಳ ಬೀಳುತ್ತಿತ್ತು. ಇವರ ಹತ್ತಿರ ಫ್ರಿಜ್ ಇದೆ. ಅಲ್ಲಿ ಇಡೀ ಜನಾಂಗವೇ ಗೊಣಗಿತು. ಇಲ್ಲಿ ಗೊಣಗುವವಳು ಹಿರಿಯ ಮಗಳೊಬ್ಬಳೇ, ಅದೂ ಫೋನಿಗೆ ಸಿಗ್ನಲ್ ಸಿಗದಾಗ.

ಪ್ರಾರ್ಥನೆಯಿಲ್ಲದೆ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಟೈರು, ಬ್ರೇಕು, ಪ್ರೊಪೇನ್ ಸಿಲಿಂಡರು, ಎದುರಿನಿಂದ ಬರುವ ಲಾರಿಗಳು, ಆ ಲಾರಿಗಳ ಚಾಲಕರ ನಿದ್ದೆ ಎಲ್ಲವನ್ನೂ ಯಜಮಾನ ಹೆಸರು ಹಿಡಿದು ದೇವರ ಗಮನಕ್ಕೆ ತರುತ್ತಾನೆ. ಒಂದು ಗ್ಯಾಲನ್ನಿಗೆ ಎಂಟು-ಹತ್ತು ಮೈಲಿ ಕೊಡುವ ಎಂಜಿನ್ನಿಗೂ ಒಂದು ಮಾತು ಸಲ್ಲುತ್ತದೆ. ಆಮೇಲೆ ದಾರಿಯಲ್ಲಿ ನಡೆಯುವುದೆಲ್ಲ ಎರಡೇ ಖಾತೆಗೆ ಜಮಾ ಆಗುತ್ತದೆ. ಸರಿಹೋದದ್ದು ಆಶೀರ್ವಾದ, ಕೆಟ್ಟದ್ದು ಪರೀಕ್ಷೆ. ಕೋಳಿ ಸ್ಯಾಂಡ್‌ವಿಚ್‌ಗೆ ಹೆಸರಾದ ಚಿಕ್-ಫಿಲ್-ಎ ಭಾನುವಾರ ಬಾಗಿಲು ಹಾಕುತ್ತದೆಂಬ ಕಾರಣಕ್ಕೇ ಇವರಿಗೆ ಅದರ ಮೇಲೆ ಅಭಿಮಾನ. ಹಸಿವಾಗಿ ಅದರ ಮುಂದೆ ಹೋಗಿ ನಿಲ್ಲುವುದು ಮಾತ್ರ ಭಾನುವಾರವೇ. ಇದು ಯಾವ ಖಾತೆಗೆ ಎಂದು ಮಕ್ಕಳಲ್ಲಿ ಒಮ್ಮತವಿಲ್ಲ.

ಗ್ರ್ಯಾಂಡ್ ಕ್ಯಾನ್ಯನ್ನಿನಲ್ಲಿ ಕುಟುಂಬಕ್ಕೆ ಸಣ್ಣದೊಂದು ಇಕ್ಕಟ್ಟು ಕಾದಿರುತ್ತದೆ. ಅಲ್ಲಿನ ದಕ್ಷಿಣ ಅಂಚಿನಲ್ಲಿ ಕಾಲದ ಹಾದಿ ಎಂಬ ಕಾಲುದಾರಿಯಿದೆ. ಅದರಲ್ಲಿ ಒಂದು ಮೀಟರ್ ನಡೆದರೆ ಹತ್ತು ಲಕ್ಷ ವರ್ಷ ದಾಟಿದ ಲೆಕ್ಕ. ನೆಲಕ್ಕೆ ಹಿತ್ತಾಳೆಯ ಗುರುತುಗಳನ್ನು ಬಡಿದಿದ್ದಾರೆ. ಕಣಿವೆಯ ತಳದ ಬಂಡೆಗಳ ವಯಸ್ಸು 170 ಕೋಟಿ ವರ್ಷ ಮೀರುವುದರಿಂದ ಹಾದಿಯೂ ಕಿಲೋಮೀಟರ್‌ಗಟ್ಟಲೆ ಸಾಗುತ್ತದೆ. ಕುಟುಂಬದ ನಂಬಿಕೆಯಂತೆ ಜಗತ್ತಿಗೆ ಸುಮಾರು 6,000 ವರ್ಷ. ಕಣಿವೆ ಕೊರೆದದ್ದು ನೋಹನ ಕಾಲದ ಪ್ರಳಯ. ಯಜಮಾನ ಇಡೀ ಹಾದಿಯನ್ನು ವ್ಯಾಯಾಮವೆಂದುಕೊಂಡು ನಡೆಯುತ್ತಾನೆ. ತೊಂದರೆ ಶುರುವಾಗುವುದು ಲೆಕ್ಕದಲ್ಲಿ ಚುರುಕಾದ ಎರಡನೆಯ ಮಗನಿಂದ. ನಮ್ಮ ಪಾಲಿನ ಜಗತ್ತು ಇಲ್ಲಿ ಆರು ಮಿಲಿಮೀಟರ್ ಆಗುತ್ತದೆ ಎಂದು ಅವನು ಗಟ್ಟಿಯಾಗಿ ಹೇಳುತ್ತಾನೆ. ಗುಣಾಕಾರ-ಭಾಗಾಕಾರ ಸರಿಯಿದೆ ಎಂದು ತಂದೆ ಬೆನ್ನು ತಟ್ಟುತ್ತಾನೆ. ತಾಯಿ ಚೀಲದಿಂದ ಸೇಬು ತೆಗೆದು ಹುಡುಗನ ಬಾಯಿಗೆ ಕೊಡುತ್ತಾಳೆ. ಮನೆಪಾಠದ ಆ ದಿನದ ಅಧ್ಯಾಯ ಅಲ್ಲಿಗೆ ಮುಗಿಯುತ್ತದೆ.

ಅಲ್ಲಿಂದ ದಕ್ಷಿಣಕ್ಕೆ ಇಳಿದರೆ ಆರಿಜೋನದ ಕ್ವಾರ್ಟ್ಸ್‌ಸೈಟ್. ಚಳಿಗಾಲದಲ್ಲಿ ಆರ್‌ವಿಗಳೇ ಊರಾಗುವ ಜಾಗ. ಇಲ್ಲಿನ ಪಿರಮಿಡ್ ಆಕಾರದ ಸಮಾಧಿ ಹಾಜಿ ಅಲಿಯದು. ಅಮೆರಿಕದ ಸೈನ್ಯ 1850ರ ದಶಕದಲ್ಲಿ ಮರುಭೂಮಿಗೆಂದು ತರಿಸಿದ ಒಂಟೆಗಳ ಜೊತೆ ಬಂದ ಮಾವುತ, ಅಲ್ಲ, ಒಂಟೆಯಾಳು. ಸಮಾಧಿಯ ತುದಿಯಲ್ಲೊಂದು ಲೋಹದ ಒಂಟೆ. ಮಕ್ಕಳು ಫೋಟೋ ತೆಗೆಸಿಕೊಳ್ಳುತ್ತಾರೆ. ಗಾಡಿ ಹೊರಡುತ್ತದೆ.

ಕುಟುಂಬದ ಲಕ್ಷಣಗಳಲ್ಲಿ ವಿವರವಾಗಿ ದಾಖಲಾಗಬೇಕಾದದ್ದು ಗಾಡಿಯನ್ನು ಮಟ್ಟಸ ಮಾಡುವ ವಿಧಿ. ಇದಕ್ಕೆ ವೈಜ್ಞಾನಿಕ ಕಾರಣವಿದೆ. ಹಳೆಯ ಮಾದರಿಯ ಆರ್‌ವಿ ಫ್ರಿಜ್ಜಿಗೆ ಕಂಪ್ರೆಸರ್ ಇರುವುದಿಲ್ಲ. ಪ್ರೊಪೇನ್ ಉರಿಯಲ್ಲಿ ಅಮೋನಿಯ ಬೆರೆತ ನೀರನ್ನು ಕಾಯಿಸಿ, ಆ ಕಾವಿನಿಂದಲೇ ತಂಪು ಹುಟ್ಟಿಸುವ ಯಂತ್ರ ಅದು. ದ್ರವ ತನ್ನ ಭಾರಕ್ಕೆ ತಾನೇ ಇಳಿದು ಬರಬೇಕು. ಗಾಡಿ ತೀರಾ ವಾಲಿದರೆ ಅದು ಕೊಳವೆಯಲ್ಲೇ ನಿಂತು, ಕಾಯುವ ಭಾಗ ಸುಟ್ಟುಹೋಗಬಹುದು. ತುಸು ಓರೆಯಾದರೆ ಏನೂ ಆಗದು. ಯಜಮಾನ ಇದನ್ನು ಮಾತ್ರ ನಂಬುವುದಿಲ್ಲ.

ಕ್ಯಾಲಿಫೋರ್ನಿಯಾದ ಜೋಶುವಾ ಟ್ರೀ ರಾಷ್ಟ್ರೀಯ ಉದ್ಯಾನದ ದಕ್ಷಿಣ ಬಾಗಿಲ ಬಳಿ ಕಾಟನ್‌ವುಡ್ ಎಂಬ ಶಿಬಿರಸ್ಥಳವಿದೆ. ಪ್ರಾರ್ಥನೆಗೆ ಕೈಯೆತ್ತಿದ ಯೆಹೋಶುವನಂತೆ ಕಾಣುತ್ತದೆಂದು ಮಾರ್ಮನ್ ವಲಸಿಗರು ಹೆಸರಿಟ್ಟರು ಎನ್ನಲಾಗುವ ಜೋಶುವಾ ಮರ ಈ ತಗ್ಗಿನ ಭಾಗದಲ್ಲಿ ಬೆಳೆಯುವುದೇ ಇಲ್ಲ. ಅದನ್ನು ನೋಡಲು ಉತ್ತರಕ್ಕೆ ಎತ್ತರದ ಮೊಹಾವೆ ಸೀಮೆಗೆ ಹೋಗಬೇಕು. ಆದರೆ ಕತ್ತಲು ಹೇರಳವಾಗಿದೆ. 2017ರಲ್ಲಿ ಉದ್ಯಾನಕ್ಕೆ ಅಂತರರಾಷ್ಟ್ರೀಯ ಕಗ್ಗತ್ತಲ ಆಕಾಶದ ಮಾನ್ಯತೆ ಸಿಕ್ಕಿತು. ಆ ಕತ್ತಲನ್ನು ನಂಬಿ ಸನ್ನಿವೇಲ್‌ನಿಂದ ದಿನವಿಡೀ ಕಾರು ಓಡಿಸಿಕೊಂಡು ಬಂದ ಕನ್ನಡಿಗ ದಂಪತಿ ಡೇರೆಯ ಹೊರಗೆ ಚಾಪೆ ಹಾಸಿ ಮಲಗಿ ನಕ್ಷತ್ರ ಎಣಿಸುತ್ತಿದ್ದಾರೆಂದು ಇಟ್ಟುಕೊಳ್ಳೋಣ. ಪಕ್ಕದ ಜಾಗಕ್ಕೆ ಈ ಕುಟುಂಬ ಬರುವುದು ಆಗಲೇ, ರಾತ್ರಿ ಒಂಬತ್ತು ದಾಟಿದ ಮೇಲೆ.

ಮೊದಲು ಹಿಮ್ಮುಖ ಚಲನೆ. ತಾಯಿ ಎರಡೂ ಕೈಯಲ್ಲಿ ಟಾರ್ಚು ಹಿಡಿದು, ವಿಮಾನ ನಿಲ್ಲಿಸುವ ಸಿಬ್ಬಂದಿಯಂತೆ ಬೀಸುತ್ತಾಳೆ. ಗಾಡಿ ಕುಯ್ಯೋ ಎನ್ನುತ್ತ ಹಿಂದೆ ಬರುತ್ತದೆ, ಮುಂದೆ ಹೋಗುತ್ತದೆ, ಮತ್ತೆ ಬರುತ್ತದೆ. ಬಳಿಕ ಯಜಮಾನ ರಸಮಟ್ಟ ಹಿಡಿದು ಇಳಿಯುತ್ತಾನೆ. ಗುಳ್ಳೆ ಎಡಕ್ಕಿದೆ. ಮಕ್ಕಳು ಹಳದಿ ಪ್ಲಾಸ್ಟಿಕ್ ಅಚ್ಚುಗಳನ್ನು ಬಲಚಕ್ರದ ಕೆಳಗೆ ಜೋಡಿಸುತ್ತಾರೆ. ಗಾಡಿ ಹತ್ತುತ್ತದೆ, ಗುಳ್ಳೆ ಬಲಕ್ಕೆ ಓಡುತ್ತದೆ. ಒಂದು ಅಚ್ಚು ತೆಗೆಯಲಾಗುತ್ತದೆ. ಈಗ ಅಡ್ಡ ಸರಿಯಿದೆ, ಉದ್ದ ಸರಿಯಿಲ್ಲ. ನಾಯಿ ಬೊಗಳುತ್ತದೆ, ಯಾರೋ ಅದಕ್ಕೆ ಸುಮ್ಮನಿರಲು ಕೂಗಿ ಹೇಳುತ್ತಾರೆ.

“ರೀ, ಇವರೇನು ಇಲ್ಲಿ ಮನೆ ಕಟ್ಟಿಸ್ತಿದಾರಾ?” ಎಂದು ಹೆಂಡತಿ ಚಾಪೆಯಿಂದ ಕೇಳುತ್ತಾಳೆ.

“ಪಾಯ ಆಗ್ತಿದೆ ಕಣೇ. ಗೋಡೆ ಏಳೋ ಹೊತ್ತಿಗೆ ನಾವು ಎದ್ದು ಹೋಗಿರ್ತೀವಿ.”

ಹತ್ತು ಗಂಟೆಗೆ ಶಿಬಿರದಲ್ಲಿ ನಿಶ್ಶಬ್ದದ ವೇಳೆ ಶುರು. ನಿಯಮವೆಂದರೆ ಪ್ರಾಣಬಿಡುವ ಕುಟುಂಬ ತಕ್ಷಣ ಪಿಸುದನಿಗೆ ಇಳಿಯುತ್ತದೆ. ಆರು ಜನ ಒಟ್ಟಿಗೆ ಪಿಸುಗುಟ್ಟಿದರೆ ಎಷ್ಟು ದೂರ ಕೇಳಿಸುತ್ತದೆಂಬುದು ಅನುಭವಿಸಿದವರಿಗೇ ಗೊತ್ತು. ಕಡೆಗೆ ಗುಳ್ಳೆ ನಡುವಿಗೆ ಬರುತ್ತದೆ. ಎಲ್ಲರೂ ಕೈಹಿಡಿದು ನಿಂತು ಸ್ತೋತ್ರ ಸಲ್ಲಿಸುತ್ತಾರೆ. ಪಕ್ಕದ ಡೇರೆಯವರಿಗೆ ಒಳ್ಳೆಯ ನಿದ್ದೆ ಕೊಡೆಂದೂ ಕೇಳುತ್ತಾರೆ. ಆಮೇಲೆ ಡೇರೆಯವರು ಕತ್ತಲಲ್ಲಿ ಹೆದರದಿರಲಿ ಎಂಬ ಕಾಳಜಿಯಿಂದ ಗಾಡಿಯ ಹೊರಗಿನ ನೀಲಿ ಎಲ್‌ಇಡಿ ಸಾಲನ್ನು ಬೆಳಗಿನವರೆಗೂ ಉರಿಸಿಡುತ್ತಾರೆ. ಅಂದಿಗೆ ನಕ್ಷತ್ರಗಳ ಅಧ್ಯಾಯ ಮುಗಿಯಿತು. ಉದ್ಯಾನದಲ್ಲಿ ಜನರೇಟರ್‌ಗೆ ಅನುಮತಿ ಬೆಳಿಗ್ಗೆ ಏಳಕ್ಕೆ. ಯಜಮಾನ ಗಡಿಯಾರ ನೋಡುತ್ತ ನಿಂತು ಏಳಕ್ಕೆ ಸರಿಯಾಗಿ ಒತ್ತುತ್ತಾನೆ, ಆರು ಐವತ್ತೊಂಬತ್ತಕ್ಕಲ್ಲ. ಬೈಯಲೂ ದಾರಿ ಬಿಡದ ನೆರೆ.

ಬೈಗುಳ ಬಾಯಿಗೆ ಬರುವ ಹೊತ್ತಿಗೆ ಪ್ಯಾನ್‌ಕೇಕ್ ಬಂದಿರುತ್ತದೆ. ಡೇರೆಯವರು ಮಾಂಸ ತಿನ್ನುವುದಿಲ್ಲವೆಂದು ಗೊತ್ತಾದೊಡನೆ ತಾಯಿ ಬೇಕನ್ ಹುರಿದ ಬಾಣಲೆಯನ್ನು ಪಕ್ಕಕ್ಕಿಟ್ಟು, ಬೇರೆಯದನ್ನು ಎರಡು ಸಲ ತೊಳೆದು ಹೊಸದಾಗಿ ಹುಯ್ದು ಕೊಡುತ್ತಾಳೆ. ಡೇರೆಯವನ ಒಲೆ ಹೊತ್ತಿಕೊಳ್ಳುತ್ತಿಲ್ಲವೆಂಬುದನ್ನು ಯಜಮಾನ ದೂರದಿಂದಲೇ ಗುರುತಿಸಿ, ಕೇಳದೆಯೇ ಬಿಚ್ಚಿ, ಮರಳು ಕಟ್ಟಿದ ರಂಧ್ರವನ್ನು ತಂತಿಯಿಂದ ಬಿಡಿಸಿ, “ಬ್ರದರ್, ಈಗ ನೋಡಿ” ಎಂದು ಹೊತ್ತಿಸಿ ಕೊಡುತ್ತಾನೆ. ಕಂಪ್ಯೂಟರ್ ಎಂಜಿನಿಯರ್ ಆದ ಬ್ರದರ್ ಆವರೆಗೆ ಒಲೆಯ ಡಬ್ಬಿಯ ಮೇಲಿನ ಸೂಚನೆಗಳನ್ನು ಓದುತ್ತ ಕೂತಿದ್ದ. ಕಿರಿಯ ಮಗಳು ಕಾರಿನ ಡ್ಯಾಶ್‌ಬೋರ್ಡಿನ ಗಣಪತಿಯನ್ನು ಕಂಡು ಇವನ ಕೆಲಸವೇನೆಂದು ಕೇಳುತ್ತಾಳೆ. ಅಡ್ಡಿ ತೆಗೆಯುವುದು ಎಂದು ಉತ್ತರ ಬರುತ್ತದೆ. ಮಗು ತನ್ನ ಗಾಡಿಯ ಚಕ್ರದಡಿಯ ಅಚ್ಚುಗಳನ್ನೊಮ್ಮೆ, ಗಣಪತಿಯನ್ನೊಮ್ಮೆ ನೋಡಿ, ನಿನ್ನೆ ರಾತ್ರಿ ಇವನೆಲ್ಲಿದ್ದ ಎನ್ನುತ್ತದೆ. ತಾಯಿ ಕೈಹಿಡಿದು ಎಳೆದೊಯ್ಯುತ್ತಾಳೆ. ಯಜಮಾನ ಒಂದು ಕರಪತ್ರ ಕೊಡುತ್ತಾನೆ, ವಿಳಾಸ ಬರೆದುಕೊಳ್ಳುತ್ತಾನೆ.

ಮಲಿನ ನೀರಿನ ವಿಚಾರವನ್ನು ಆದಷ್ಟು ಚುಟುಕಾಗಿ ಹೇಳುವುದೇ ಮೇಲು. ಗಾಡಿಯಲ್ಲಿ ಮೂರು ಟ್ಯಾಂಕುಗಳು: ಒಂದು ಒಳ್ಳೆಯ ನೀರಿನದು, ಗ್ರೇ ಎಂಬುದು ಸಿಂಕು-ಶವರಿನದು, ಬ್ಲ್ಯಾಕ್ ಎಂಬುದು ಕಕ್ಕಸಿನದು. ಡಂಪ್ ಸ್ಟೇಷನ್ನಿನಲ್ಲಿ ಕೊಳವೆ ಸಿಕ್ಕಿಸಿ ಮೊದಲು ಬ್ಲ್ಯಾಕ್, ಆಮೇಲೆ ಗ್ರೇ ಬಿಡಬೇಕು. ಸೋಪಿನ ನೀರು ಕೊಳವೆಯನ್ನು ತೊಳೆದುಕೊಡುತ್ತದೆ. ಪಾಳೆಯದ ಹೊರಗೆ ಹೋಗಿ ಗುಂಡಿ ತೋಡಿ ಮುಚ್ಚಬೇಕೆಂಬ ಆಜ್ಞೆ ಧರ್ಮೋಪದೇಶಕಾಂಡದ 23ನೆಯ ಅಧ್ಯಾಯದಲ್ಲಿದೆ. ಯಜಮಾನ ಕೈಗವಸು ತೊಡುತ್ತ ಇದನ್ನು ಗಂಡುಮಕ್ಕಳಿಗೆ ಬೋಧಿಸುತ್ತಾನೆ. ಇಡೀ ಪ್ರವಾಸದಲ್ಲಿ ಅವರು ಮರೆಯದೆ ನೆನಪಿಟ್ಟುಕೊಳ್ಳುವ ಶಾಸ್ತ್ರಭಾಗ ಇದೊಂದೇ.

ಕಾಟನ್‌ವುಡ್‌ನಿಂದ ಕೆಳಗಿಳಿದರೆ ಖರ್ಜೂರದ ತೋಟಗಳ ಊರು, ಹೆಸರು ಮೆಕ್ಕಾ. ಕುಟುಂಬ ಅಲ್ಲಿ ಪೆಟ್ರೋಲು ಹಾಕಿಸುತ್ತದೆ, ಖರ್ಜೂರ ಕೊಳ್ಳುತ್ತದೆ, ಊರಿನ ಫಲಕದ ಕೆಳಗೆ ಫೋಟೋ ಬೇಕೇ ಬೇಡವೇ ಎಂದು ಸಣ್ಣ ಚರ್ಚೆ ನಡೆಸುತ್ತದೆ. ಮುಂದೆ 1905ರಲ್ಲಿ ಕೊಲೊರಾಡೋ ನದಿ ಕಾಲುವೆ ಒಡೆದು ನುಗ್ಗಿದ್ದರಿಂದ ತುಂಬಿಕೊಂಡ ಸಾಲ್ಟನ್ ಸೀ. ಅದರಾಚೆ ನೈಲ್ಯಾಂಡ್ ಊರಿನ ಹತ್ತಿರ ಸಾಲ್ವೇಶನ್ ಮೌಂಟನ್, ಈ ಯಾತ್ರೆಯ ಗುರಿ. ಲೆನರ್ಡ್ ನೈಟ್ ಎಂಬಾತ ಮೊದಲು ದೇವರು ಪ್ರೀತಿಯೆಂಬ ಮಾತನ್ನು ಬರೆದ ಬಲೂನು ಹಾರಿಸಲು ವರ್ಷಗಟ್ಟಲೆ ಒದ್ದಾಡಿದ, ಬಟ್ಟೆ ಪಿಸಿದುಹೋಯಿತು. 1984ರಲ್ಲಿ ಇಲ್ಲಿ ಸಿಮೆಂಟು-ಮರಳಿನ ಗುಡ್ಡ ಕಟ್ಟತೊಡಗಿದ. ಕೆಲವು ವರ್ಷಕ್ಕೆ ಅದೂ ಕುಸಿಯಿತು. ಗುಡ್ಡ ಭದ್ರವಿರಲಿಲ್ಲವೆಂದು ದೇವರೇ ತೋರಿಸಿಕೊಟ್ಟನೆಂದುಕೊಂಡು, ಮಣ್ಣು-ಹುಲ್ಲು ಕಲಸಿ ಮತ್ತೆ ಕಟ್ಟಿದ. ಬಂದವರು ಕೊಟ್ಟ ಬಣ್ಣದ ಡಬ್ಬಿಗಳೇ ಬಂಡವಾಳ. 2014ರಲ್ಲಿ ತೀರಿಕೊಂಡ.

ಇಲ್ಲಿ ಯಜಮಾನ ಮಾತು ಕಡಿಮೆ ಮಾಡುತ್ತಾನೆ. ನೈಟ್‌ನಿಗೆ ರಸಮಟ್ಟ ಗೊತ್ತಿದ್ದಂತಿಲ್ಲ; ಒಂದು ಮೆಟ್ಟಿಲೂ ನೇರವಿಲ್ಲ. ತಂದ ಬಣ್ಣದ ಡಬ್ಬಿ ಇಳಿಸಿ, ನಾಲ್ವರು ಮಕ್ಕಳನ್ನೂ ಸಾಲಾಗಿ ನಿಲ್ಲಿಸಿ ಫೋಟೋ ತೆಗೆಯುತ್ತಾನೆ. ಹಿರಿಯ ಮಗಳು ತಾನಾಗಿ ಬಂದು ನಿಲ್ಲುತ್ತಾಳೆ. ಅವಳಿಗೆ ಇನ್ನೆರಡು ವರ್ಷಕ್ಕೆ ಕಾಲೇಜು, ಊರು ಬಿಟ್ಟ ಕಾಲೇಜು. ಆಮೇಲೆ ಎರಡನೆಯವನು, ಆ ಆರು ಮಿಲಿಮೀಟರಿನ ಹುಡುಗ. ಅವನು ಎಷ್ಟು ದೂರ ಹೋಗುತ್ತಾನೋ ಹೇಳಬರುವುದಿಲ್ಲ. ಇಂಥ ಪ್ರವಾಸಗಳ ಫೋಟೋಗಳಲ್ಲಿ ವರ್ಷ ಕಳೆದಂತೆ ತಲೆಗಳು ಕಡಿಮೆಯಾಗುತ್ತವೆ, ಗಾಡಿ ಮಾತ್ರ ದೊಡ್ಡದಾಗುತ್ತದೆ; ಕ್ವಾರ್ಟ್ಸ್‌ಸೈಟ್‌ನಲ್ಲಿ ಮಡಚುವ ಕುರ್ಚಿ ಹಾಕಿ ಎದುರುಬದುರು ಕೂರುವ ಮುದಿ ದಂಪತಿಗಳೆಲ್ಲ ಒಂದು ಕಾಲಕ್ಕೆ ಹಿಂದಿನ ಸೀಟಿನ ಜಗಳ ಬಿಡಿಸಿದವರೇ. ಇದು ವರ್ಗೀಕರಣಕ್ಕೆ ಸಂಬಂಧಿಸದ ವಿಷಯ.

ಗಾಡಿ ಬಾಡಿಗೆಯದಾದರೆ ಟ್ಯಾಂಕು ಖಾಲಿ ಮಾಡಿ, ಪೆಟ್ರೋಲು ತುಂಬಿಸಿ ಒಪ್ಪಿಸಬೇಕು. ಹೆಚ್ಚು ಓಡಿಸಿದ ಪ್ರತಿ ಮೈಲಿಗೂ ದುಡ್ಡು. ಡಿಸೆಂಬರಿನಲ್ಲಿ ಕುಟುಂಬ ಕ್ರಿಸ್‌ಮಸ್ ಪತ್ರ ಹೊರಡಿಸುತ್ತದೆ. ಬಿದ್ದ ಹಲ್ಲು, ಉದ್ಯಾನಗಳಲ್ಲಿ ಮಕ್ಕಳು ಪಡೆದ ಜೂನಿಯರ್ ರೇಂಜರ್ ಬ್ಯಾಡ್ಜು, ಹರಿದ ಪರದೆ ಎಲ್ಲವೂ ಅದರಲ್ಲಿ ಅಚ್ಚಾಗಿರುತ್ತವೆ. ವಿಳಾಸ ಕೊಟ್ಟ ಡೇರೆಯವರಿಗೂ ಒಂದು ಪ್ರತಿ ಬರುತ್ತದೆ. ಅಡಿಯಲ್ಲಿ ಯಜಮಾನನ ಕೈಬರಹ: ನಿಮ್ಮ ಒಲೆಗಾಗಿ ಪ್ರಾರ್ಥಿಸುತ್ತಿದ್ದೇವೆ, ಬೇಸಿಗೆಯಲ್ಲಿ ಸನ್ನಿವೇಲ್ ಮೇಲೆ ಹಾದುಹೋಗುವವರಿದ್ದೇವೆ, ನಿಮ್ಮ ಮನೆಯ ಮುಂದಿನ ರಸ್ತೆ ಮಟ್ಟಸವಾಗಿದೆಯೇ?