ಹಳೇಬೀಡು ಕಾಣೆಯಾಗಿದೆ

ಹಾಸನ ಜಿಲ್ಲೆಯ ಮಹಾಜನರ ಗಮನಕ್ಕೆ: ನಿಮ್ಮ ಹಳೇಬೀಡು, ಬೇಲೂರು ಎರಡೂ ಕಾಣೆಯಾಗಿ ಶತಮಾನಗಳೇ ಕಳೆದಿವೆ. ನೀವು ದಿನಾ ಬಸ್ಸು ಹತ್ತಿ ಅಲ್ಲಿಗೆ ಹೋಗಿ ಬರುತ್ತಿರುವುದು ಬರೀ ಭ್ರಮೆ. ಅವು ಇದ್ದದ್ದು ಪಶ್ಚಿಮಘಟ್ಟದ ನಟ್ಟಡವಿಯಲ್ಲಿ, ನರಪಿಳ್ಳೆಯೂ ಸುಳಿಯದ ಕಡೆ. 2017ರಲ್ಲಿ ಕ್ಲೋಯಿ ಫ್ರೇಜರ್ ಎಂಬ ಹೆಣ್ಣುಮಗಳು ಬಂದೂಕು ಹಿಡಿದು, ಹಗ್ಗಕ್ಕೆ ಜೋತುಬಿದ್ದು, ಕಣಿವೆ ಹಾರಿ ಅವನ್ನು ಪತ್ತೆಹಚ್ಚಿದಳು. ಅವಳು ಹುಡುಕಿ ಬಂದದ್ದು ಗಣೇಶನ ಮುರಿದ ದಂತವನ್ನು.

ಗಾಬರಿ ಬೇಡ. ಇದು ‘ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ’ ಎಂಬ ಪ್ಲೇಸ್ಟೇಷನ್ ಗೇಮ್. ಮಾಡಿದವರು ಅಮೆರಿಕದ ನಾಟಿ ಡಾಗ್ ಕಂಪನಿಯವರು. ನೋಡಲು ಸೊಗಸಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಹೊಯ್ಸಳರ ಹೆಸರನ್ನು ಜಗತ್ತಿನ ಹುಡುಗರ ಬಾಯಲ್ಲಿ ಆಡಿಸಿತು. ಆ ಕೆಲಸವನ್ನು ನಾವಂತೂ ಮಾಡಿರಲಿಲ್ಲ.

ಕಥೆಗಾರನಿಗೆ ಸ್ವಾತಂತ್ರ್ಯ ಬೇಡವೇ ಎಂದು ಕೇಳುತ್ತೀರಿ. ಧಾರಾಳವಾಗಿ ಇರಲಿ. ಊರನ್ನೇ ಹೊಸದಾಗಿ ಕಟ್ಟಿದವರು ಅದಕ್ಕೊಂದು ಹೊಸ ಹೆಸರನ್ನೂ ಇಟ್ಟುಕೊಳ್ಳಬಹುದಿತ್ತು. ಆದರೆ ಇಟ್ಟುಕೊಂಡ ಹೆಸರಿಗೆ ಒಂಬೈನೂರು ವರ್ಷದ ತೂಕ ಎಲ್ಲಿಂದ ಬರಬೇಕು? ಹಾಗಾಗಿ ಹೆಸರು ನಮ್ಮದು, ಊರು ಅವರದು. ಆ ಊರಿನಲ್ಲಿ ಆಲೂಗಡ್ಡೆ ಬೆಳೆಯುವವರಿಲ್ಲ, ಅಂಗಡಿ ಬಾಗಿಲು ತೆರೆಯುವವರಿಲ್ಲ. ಇದ್ದುಬಿಟ್ಟರೆ ಪತ್ತೆಹಚ್ಚುವುದಕ್ಕೆ ಏನು ಉಳಿಯುತ್ತದೆ? ನಿಧಿ ಬೇಟೆಯ ಕಥೆಗಳ ಮೊದಲ ಷರತ್ತೇ ಸ್ಥಳೀಯರು ನಾಪತ್ತೆಯಾಗಿರಬೇಕು ಎನ್ನುವುದು.

ನನ್ನ ತಕರಾರು ಅವರು ಸುಳ್ಳು ಹೇಳಿದರೆಂದಲ್ಲ, ಸಪ್ಪೆ ಸುಳ್ಳು ಹೇಳಿದರೆಂದು. ಗೇಮಿನ ಹೊಯ್ಸಳರು ಬೆಟ್ಟದೆತ್ತರದ ದೇವರುಗಳನ್ನು ಕಡೆದವರು, ಹಲ್ಲುಗಾಲಿ ತಿರುಗಿಸಿ ಬಾಗಿಲು ತೆರೆಯುವವರು. ನಿಜವಾದ ಹೊಯ್ಸಳ ಶಿಲ್ಪಿಯ ಹುಚ್ಚು ಇದಕ್ಕೆ ತೀರಾ ಉಲ್ಟಾ. ಅವನಿಗೆ ಸಣ್ಣದರ ಗೀಳು. ಮೆದುವಾದ ಬಳಪದ ಕಲ್ಲು ಸಿಕ್ಕಿತೆಂದು ಮದನಿಕೆಯ ತಲೆಯ ಮೇಲಿನ ಬಳ್ಳಿಯಲ್ಲಿ ನೊಣಕ್ಕೆ ಹೊಂಚುಹಾಕಿದ ಹಲ್ಲಿಯನ್ನೂ ಬಿಡದೆ ಕೊರೆದ. ಕೊರೆದು ಸುಮ್ಮನಿರಲಿಲ್ಲ, ಕೆಳಗೆ ಹೆಸರು ಕೆತ್ತಿದ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಬೇಲೂರಿನ ಕಲ್ಲಿನಲ್ಲಿ ಈಗಲೂ ಓದಸಿಗುತ್ತಾರೆ. ಮಿಕ್ಕ ಶಿಲ್ಪಿಗಳ ಸೊಕ್ಕು ಮುರಿದವನು ತಾನು ಎಂಬರ್ಥದ ಬಿರುದುಗಳೂ ಅಲ್ಲಿವೆ. ಇಷ್ಟು ಜಗಳಗಂಟ, ಇಷ್ಟು ಜಂಬದ ಪಾತ್ರಗಳು ಪುಕ್ಕಟೆ ಸಿಗುತ್ತಿದ್ದರೂ ಕಂಪನಿಯವರು ಹಲ್ಲುಗಾಲಿ ತಿರುಗಿಸುತ್ತಾ ಕೂತರು.

ಅಮೆರಿಕದವರನ್ನು ಬೈಯುವುದು ಸುಲಭ, ಬಿಡಿ. ನಮ್ಮ ಕಡೆ ಬರೋಣ. 2015ರ ‘ಬಾಹುಬಲಿ’ಯಲ್ಲಿ ಮಾಹಿಷ್ಮತಿಯ ಮೇಲೆ ದಂಡೆತ್ತಿ ಬರುವ ಕಾಲಕೇಯರಿಗೆ ಮದನ್ ಕಾರ್ಕಿ ಕಿಲಿಕಿ ಎಂಬ ಭಾಷೆಯನ್ನೇ ಕಟ್ಟಿಕೊಟ್ಟರು. ವ್ಯಾಕರಣ ಸಮೇತ! ಭಾಷೆ ಸಿಕ್ಕಿತು, ಆದರೆ ಆ ಜನಕ್ಕೆ ಒಂದು ಹಾಡು, ಒಬ್ಬ ಅಜ್ಜಿ, ಒಂದು ತುಂಡು ಹೊಲ ಸಿಗಲಿಲ್ಲ. ಸಿಕ್ಕಿದ್ದು ಮೈಗೆ ಬಳಿದ ಕಪ್ಪು ಮತ್ತು ಕೊಳಕು ಹಲ್ಲು. ಲೋಕ ಕಲ್ಪನೆಯದು, ಕಾಡಿನವರ ಮೇಲಿನ ಅಸಹ್ಯ ಮಾತ್ರ ಅಸಲಿ. ನಾಯಕ ಕಾಡಿಗೆ ಕಾಲಿಟ್ಟ ಕೂಡಲೇ ತಲೆಗೆ ಗರಿ ಸಿಕ್ಕಿಸಿಕೊಂಡು ಬೆಂಕಿಯ ಸುತ್ತ ಕುಣಿಯುವ ಗುಂಪನ್ನು ನಮ್ಮ ಸಿನಿಮಾದವರು ಎಲ್ಲಿಂದ ಬಾಡಿಗೆಗೆ ತರುತ್ತಾರೋ! ಸೋಲಿಗರಲ್ಲಾಗಲಿ ಜೇನುಕುರುಬರಲ್ಲಾಗಲಿ ಅವರನ್ನು ಕಂಡವರಿಲ್ಲ.

ಇನ್ನು 2022ರ ‘ಕಾಂತಾರ’. ತುಳುನಾಡಿನ ದೈವಕ್ಕೆ ಕೋಲ ಕಟ್ಟುವ ನಲಿಕೆ, ಪಂಬದ, ಪರವ ಸಮುದಾಯದವರು ವ್ರತ ಹಿಡಿದು, ಕಟ್ಟುಪಾಡು ಪಾಲಿಸಿ ಬಣ್ಣ ಹಚ್ಚಿಕೊಳ್ಳುತ್ತಾರೆ. ಪ್ರೇಕ್ಷಕ ಮಹಾಶಯರಿಗೆ ಎರಡೂವರೆ ಗಂಟೆ ಸಿನಿಮಾ ಸಾಕಾಯಿತು. ಥಿಯೇಟರಿನಲ್ಲೇ ಮೈಮೇಲೆ ಬಂದವರಂತೆ ಕೂಗಿದ್ದೇ ಕೂಗಿದ್ದು, ರೀಲ್ಸ್ ಮಾಡಿದ್ದೇ ಮಾಡಿದ್ದು. ಕೊನೆಗೆ ಚಿತ್ರತಂಡದವರೇ ಅನುಕರಣೆ ಬೇಡ ಎಂದು ಕೈಮುಗಿಯಬೇಕಾಯಿತು.

ಕೇಳಿ ಮಾಡಿದವರು ಇಲ್ಲವೆಂದಲ್ಲ. 2013ರ ‘ಫ್ರೋಜನ್’ನಲ್ಲಿ ಉತ್ತರ ಯುರೋಪಿನ ಸಾಮಿ ಜನರ ಉಡುಪು, ಹಾಡಿನ ಧಾಟಿಯನ್ನು ಬಳಸಿ ಮಾತು ಕೇಳಿಸಿಕೊಂಡ ಡಿಸ್ನಿ, 2019ರ ಎರಡನೇ ಭಾಗಕ್ಕೆ ಮುಂಚೆ ಸಾಮಿ ಸಂಸತ್ತುಗಳೊಂದಿಗೆ ಒಪ್ಪಂದಕ್ಕೆ ಸಹಿ ಹಾಕಿತು. ಸಲಹೆಗೆ ಸಾಮಿ ಜನರನ್ನೇ ಕೂರಿಸಿಕೊಂಡಿತು, ಚಿತ್ರವನ್ನು ಅವರ ಭಾಷೆಗೂ ಡಬ್ ಮಾಡಿತು. ಕಲ್ಪನೆಗೆ ಕುತ್ತು ಬರಲಿಲ್ಲ, ಗಲ್ಲಾಪೆಟ್ಟಿಗೆಗಂತೂ ಬರಲೇ ಇಲ್ಲ.

ಆದ್ದರಿಂದ ಮುಂದಿನ ಗೇಮ್ ಕಂಪನಿಯವರಲ್ಲಿ, ನಮ್ಮ ಗಾಂಧಿನಗರದವರಲ್ಲೂ, ಒಂದು ವಿನಂತಿ. ದಾರಿ ಹುಡುಕಲು ಹಗ್ಗ, ಬಂದೂಕು ಬೇಕಿಲ್ಲ. 2023ರಲ್ಲಿ ಯುನೆಸ್ಕೊ ಬೇಲೂರು, ಹಳೇಬೀಡು, ಸೋಮನಾಥಪುರವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ, ವಿಳಾಸ ಅದರಲ್ಲೇ ಇದೆ. ಒಂದೆರಡು ದಿನ ಉಳಿಯಿರಿ, ಕಲ್ಲು ಓದಬಲ್ಲವರನ್ನು ಕೇಳಿ, ಆಮೇಲೆ ಎಷ್ಟು ಬೇಕಾದರೂ ಸುಳ್ಳು ಹೇಳಿ. ಬೇಲೂರಿನ ಚೆನ್ನಕೇಶವನಿಗೆ ಇವತ್ತಿಗೂ ಪೂಜೆ ನಡೆಯುತ್ತದೆ, ಬೂಟು ಮಾತ್ರ ಹೊರಗೆ ಬಿಡಿ.