ಮಹಾರಾಜರನ್ನು ಅಳವಡಿಸುವ ಕ್ರಮ: ಪಶ್ಚಿಮ ಬೆಂಗಳೂರಿನ ಗ್ರಾಹಕರಿಗೆ

ಪೆಟ್ಟಿಗೆ ಬಿಚ್ಚಿ. ಒಬ್ಬ ಮಹಾರಾಜ, ಒಬ್ಬ ದಿವಾನ, ಒಂದು ಸಭೆ ಇರಬೇಕು. ಸಭೆಗೆ ಬಾಯಿದ್ದು ಕೈಯಿಲ್ಲದಿದ್ದರೆ ಗಾಬರಿ ಬೇಡ. ನಿಮಗೆ ಬಂದಿರುವುದು ದಿವಾನ್ ರಂಗಾಚಾರ್ಲು ಅವರ 1881ರ ಮಾದರಿ. ಆ ಅಕ್ಟೋಬರ್ 7ರಂದು, ದಸರೆಗೆಂದು ಮೈಸೂರಿಗೆ ಬಂದ 144 ಮಂದಿ ಭೂಹಿಡುವಳಿದಾರರು, ವರ್ತಕರ ಮುಂದೆ ದಿವಾನರು ಸರ್ಕಾರದ ಕೆಲಸ ಕಾರ್ಯಗಳನ್ನು ಓದಿ ಹೇಳಿದರು. ಬಂದವರು ಅಹವಾಲು ಹೇಳಿಕೊಂಡು ಊರಿಗೆ ಮರಳಿದರು. ಮತದ ಗುಂಡಿ ಈ ಮಾದರಿಯಲ್ಲಿಲ್ಲ.

1923ರಲ್ಲಿ ಇದೇ ಪ್ರಜಾಪ್ರತಿನಿಧಿ ಸಭೆಗೆ ಕಾನೂನಿನ ಬಲ ಬಂತು. ಹೊಸ ತೆರಿಗೆ ಹಾಕುವ ಮೊದಲು ಸಭೆಯನ್ನು ಕೇಳಲೇಬೇಕು. ಅದು ಹೇಳಿದಂತೆ ಕೇಳಬೇಕೆಂದಿಲ್ಲ. ಮದುವೆ ಮಾತುಕತೆಗೆ ಅಜ್ಜಿಯನ್ನು ಕೂರಿಸಿಕೊಳ್ಳುತ್ತೇವಲ್ಲ, ಹಾಗೆ.

ಅಳವಡಿಸುವ ಜಾಗ: ವಿಜಯನಗರದವರು ಹೆಸರು ನೋಡಿ ಮೋಸಹೋಗಬೇಡಿ, ಹಂಪಿಯ ಮಾದರಿಗೆ ಇಂಥ ಸಭೆ ಜೋಡಿಸಲು ಬರುವುದಿಲ್ಲ. ಬಸವೇಶ್ವರನಗರದವರು ಅನುಭವ ಮಂಟಪವೇ ಮೊದಲ ಸಂಸತ್ತು ಎಂದು ವಾದಕ್ಕಿಳಿಯುತ್ತಾರೆ. ಇಳಿಯಲಿ. ಬಿಜ್ಜಳನ ಭಂಡಾರಿಯೇ ಅಲ್ಲಿ ಕೂತಿದ್ದರೂ ಭಂಡಾರದ ಲೆಕ್ಕ ಪಾಸು ಮಾಡುವ ಅಧಿಕಾರ ಮಂಟಪಕ್ಕಿರಲಿಲ್ಲ ಎಂದಷ್ಟೇ ಹೇಳಿ ಚಹಾ ಕುಡಿಸಿ. ರಾಜಾಜಿನಗರ ಪ್ರಶಸ್ತ: ರಾಜಾಜಿ ಗವರ್ನರ್ ಜನರಲ್ ಆಗಿ ಲಂಡನ್ನಿನ ದೊರೆಯ ಪ್ರತಿನಿಧಿಯಾಗಿದ್ದಾಗಲೇ ದೆಹಲಿಯಲ್ಲಿ ಸಂವಿಧಾನ ಸಭೆ ದೊರೆಯಿಲ್ಲದ ದೇಶಕ್ಕೆ ಸಂವಿಧಾನ ಬರೆಯುತ್ತಿತ್ತು.

ಎಚ್ಚರಿಕೆ: ಯಂತ್ರ ಕೈಕೊಟ್ಟರೆ ಒದೆ ತಿನ್ನುವ ಭಾಗ ದಿವಾನ. ಅವನು ಉತ್ತರ ಕೊಡುವುದು ಮಹಾರಾಜರಿಗೆ, ಬೈಸಿಕೊಳ್ಳುವುದು ಜನರಿಂದ. 1947ರ ಸೆಪ್ಟೆಂಬರಿನ ಮೈಸೂರು ಚಲೋದಲ್ಲಿ ಬೀದಿಗಿಳಿದವರ ಕೂಗು ‘ಅರ್ಕಾಟ್ ಬಾಯ್ಕಾಟ್’, ಅಂದರೆ ದಿವಾನ್ ಅರ್ಕಾಟ್ ರಾಮಸ್ವಾಮಿ ಮೊದಲಿಯಾರರ ವಿರುದ್ಧ. ಬೇಡಿಕೆ ಮಾತ್ರ ಮಹಾರಾಜರ ಆಶ್ರಯದಲ್ಲೇ ಜವಾಬ್ದಾರಿ ಸರ್ಕಾರ. ಅಧಿಕಾರ ಕಿತ್ತುಕೊಂಡು ಮರ್ಯಾದೆ ಉಳಿಸುವ ಈ ಜಾಣತನ ನನಗೆ ಬಹಳ ಇಷ್ಟ. ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿ ಮುಖ್ಯಮಂತ್ರಿಯಾದರು.

ಮಹಾರಾಜರನ್ನು ಎಸೆಯಬೇಡಿ. 1950ರಲ್ಲಿ ಜಯಚಾಮರಾಜ ಒಡೆಯರಿಗೆ ‘ರಾಜಪ್ರಮುಖ’ ಎಂಬ ಚೀಟಿ ಅಂಟಿಸಿ; 1956ರ ನವೆಂಬರ್‌ನಲ್ಲಿ ಅದರ ಮೇಲೆ ‘ರಾಜ್ಯಪಾಲ’. ಅಧಿವೇಶನದಲ್ಲಿ ಮಂತ್ರಿಗಳು ಬರೆದುಕೊಟ್ಟದ್ದನ್ನು ‘ನನ್ನ ಸರ್ಕಾರ’ ಎಂದು ಓದಿಸಿ.

ದೋಷ ನಿವಾರಣೆ: ಓದುವವರು ಸಾಲು ಹಾರಿಸಿದರೆ, ಅಚ್ಚಾದ ಭಾಷಣವೇ ಕಡತಕ್ಕೆ ಸೇರಲಿ ಎಂದು ಅಲ್ಲೇ ನಿರ್ಣಯ ಮಂಡಿಸಿ. 2023ರ ಜನವರಿಯಲ್ಲಿ ಚೆನ್ನೈಯಲ್ಲಿ ಹೀಗೇ ಮಾಡಿದಾಗ ರಾಜ್ಯಪಾಲರು ಸದನದಿಂದ ಎದ್ದು ಹೋದರು. 1964ರಲ್ಲಿ ಚೆನ್ನೈಯ ಅದೇ ರಾಜ್ಯಪಾಲರ ಹುದ್ದೆಗೆ ಹೋದವರು ನಮ್ಮ ಮಹಾರಾಜರು.