ಕಷ್ಟಕಾಲದ ಕಾಕಾ

ಗುರುಗುಂಟಾದಲ್ಲಿ ಯಾರ ಮನೆ ಹೊಸ್ತಿಲು ತುಳಿದರೂ ಮೊದಲು ಕೇಳುವುದು "ಉಂಡೀರೇನ್ರಿ?" ಅಂತ. ಕಷ್ಟಕಾಲದ ಕಾಕಾ ಮಾತ್ರ "ನಿಮ್ಮನ್ಯಾಗ ಎಷ್ಟು ದಿನದ್ದೈತಿ?" ಅಂತ ಕೇಳುತ್ತಾರೆ. ಜೋಳ ಎಷ್ಟು, ಬ್ಯಾಳಿ ಎಷ್ಟು, ಎಣ್ಣಿ ಎಷ್ಟು, ಲೆಕ್ಕ ಒಪ್ಪಿಸಬೇಕು. "ವಾರಕ್ಕೊಮ್ಮೆ ಸಂತ್ಯಾಗ ತರ್ತೀವ್ರಿ" ಅಂದಿರೋ, ನೀವು ಆಗಲೇ ಗಂಜಿ ಕೇಂದ್ರದ ಸಾಲಿನಲ್ಲಿ ನಿಂತವರಂತೆ ಮರುಗಿ ನೋಡುತ್ತಾರೆ. ನಮ್ಮ ಸೀಮೆಯ ಓಣಿಗೊಬ್ಬರು ಇಂಥವರು ಇದ್ದೇ ಇರುತ್ತಾರೆ: ನೌಕರಿ ಮುಗಿದಿದೆ, ಎದೆಯ ಜೇಬಿನಲ್ಲಿ ಪಟ್ಟಿ ಬರೆಯುವ ಸಣ್ಣ ಪುಸ್ತಕ, ಉಡದಾರದಲ್ಲಿ ಉಗ್ರಾಣದ ಕೀಲಿ.

ಕಾಕಾ ಸುಮ್ಮನೆ ಅಂಜಿದವರಲ್ಲ. 1972ರ ಬರದಲ್ಲಿ ಅಮೆರಿಕದಿಂದ ಬಂದ ಕೆಂಪು ಜೋಳದ ರೊಟ್ಟಿ ತಿಂದ ಹುಡುಗ. 2019ರ ಆಗಸ್ಟಿನಲ್ಲಿ ನಾರಾಯಣಪುರ ಜಲಾಶಯದಿಂದ ಬಿಟ್ಟ ನೀರಿಗೆ ಶೀಲಹಳ್ಳಿ ಸೇತುವೆ ಮುಳುಗಿ, ನಮ್ಮ ತಾಲೂಕಿನದೇ ನಡುಗಡ್ಡೆಯ ಜನಕ್ಕೆ ದಾರಿ ಕಡಿದದ್ದನ್ನೂ ಕಂಡವರು. 2020ರ ಮಾರ್ಚ್ 24ರ ರಾತ್ರಿ 21 ದಿನ ಲಾಕ್‌ಡೌನ್ ಅಂತ ಟಿವಿಯಲ್ಲಿ ಹೇಳಿದ ಮೇಲಂತೂ ಕೇಳುವುದೇ ಬೇಡ. ಓಣಿಗೆ ಓಣಿಯೇ ಕಿರಾಣಿ ಅಂಗಡಿಗೆ ಓಡುತ್ತಿದ್ದರೆ, ಇವರು ಕಟ್ಟೆಯ ಮೇಲೆ ಕಾಲು ಮಡಚಿ ಕೂತು "ನಾ ಹೇಳಿರ್ಲಿಲ್ಲೇನು?" ಅಂತ ಓಡುವವರನ್ನು ಒಬ್ಬೊಬ್ಬರನ್ನಾಗಿ ನಿಲ್ಲಿಸಿ ಕೇಳಿದರು.

ಉಗ್ರಾಣಕ್ಕೆ ಒಂದೇ ಕಾನೂನು: ಒಳಗೆ ಹೋದದ್ದು ಹೊರಗೆ ಬರಕೂಡದು. ಅದು "ಸ್ಟಾಕು". ಹಾಗಾಗಿ ನಾಲ್ಕು ಚೀಲ ಬ್ಯಾಳಿ ಇರುವ ಮನೆಯಿಂದ ಮೊಮ್ಮಗ ದಿನಾ ಅಂಗಡಿಗೆ ಹೋಗಿ ಪಾವು ಕಿಲೋ ಬ್ಯಾಳಿ ತರುತ್ತಾನೆ. ಚೀಲದೊಳಗೆ ನುಸಿಗಳು ಮದುವೆ ಮಾಡಿಕೊಂಡು, ಮಕ್ಕಳ ಮದುವೆಯನ್ನೂ ಮಾಡಿ ಮುಗಿಸಿವೆ. ಒಮ್ಮೆ ಟ್ರಾನ್ಸ್‌ಫಾರ್ಮರ್ ಸುಟ್ಟು ನಳ ನಿಂತಾಗ ಮನೆಯಲ್ಲಿ ಆರು ತಿಂಗಳ ಅಕ್ಕಿ ಇತ್ತು. ಎಸರಿಡಲು ಒಂದು ಕೊಡ ನೀರಿರಲಿಲ್ಲ. ಪಟ್ಟಿಯಲ್ಲಿ ನೀರು ಬರೆದೇ ಇರಲಿಲ್ಲ.

ಸಜ್ಜಿಯ ಕತೆ ಇನ್ನೂ ದೊಡ್ಡದು. "ಕರೆಂಟೇ ಇಲ್ಲಾಂದ್ರ ಗಿರಣಿ ಹೆಂಗ ತಿರುಗ್ತೈತಿ?" ಅನ್ನುವ ದೂರದೃಷ್ಟಿಯಿಂದ ಕಾಕಾ ಇಡೀ ಚೀಲ ಸಜ್ಜಿಯನ್ನು ಒಂದೇ ದಿನ ಬೀಸಿಸಿದರು. ಗಿರಣಿಯವನು ಎರಡು ಸಲ ಬ್ಯಾಡ ಅಂದ. ಸಜ್ಜಿಯಲ್ಲಿ ಎಣ್ಣೆಯಂಶ ಹೆಚ್ಚು. ಕಾಳಾಗಿದ್ದರೆ ತಿಂಗಳುಗಟ್ಟಲೆ ಬಾಳುವುದು, ಹಿಟ್ಟಾದ ಮೇಲೆ ಕೆಲವೇ ದಿನಕ್ಕೆ ಕಹಿ ತಿರುಗುತ್ತದೆ. ಇದು ಗಿರಣಿಯವನಿಗೆ ಗೊತ್ತು, ಕಾಕಾರ ಹೆಂಡತಿ ಚಿಗವ್ವಗೆ ಗೊತ್ತು. ಕೊನೆಗೆ ಆ ಹಿಟ್ಟನ್ನು ಎಮ್ಮಿಗೆ ಇಟ್ಟರು. ಎಮ್ಮಿ ಮೂಸಿತು, ತಲೆ ಎತ್ತಿ ಕಾಕಾರನ್ನೊಮ್ಮೆ ನೋಡಿತು, ಹುಲ್ಲಿನ ಕಡೆ ಹೊರಳಿತು.

ಇಷ್ಟಾದರೂ ಆ ಮನೆಯಲ್ಲಿ ಯಾರೂ ಹಸಿದಿಲ್ಲ. ಯಾಕೆಂದರೆ ಚಿಗವ್ವನ ಉಗ್ರಾಣ ಬೇರೆಯೇ ಇದೆ, ಅದಕ್ಕೆ ಕೀಲಿಯಿಲ್ಲ. ಅಡುಗೆಮನೆಯ ಮೂಲೆಯ ಬುಟ್ಟಿಯಲ್ಲಿ ಬಿಳಿ ಬಟ್ಟೆ ಹೊದ್ದ ಕಟಿ ರೊಟ್ಟಿ. ಸಾಲಾಗಿ ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ. ಬಿಸಿಲಿಗೆ ಒಣಗಿಸಿದ ಚವಳಿಕಾಯಿ. ಬೇವಿನ ಸೊಪ್ಪು ಬೆರೆಸಿದ ಜೋಳ, ಸಿಪ್ಪೆ ಬಿಡಿಸದ ಶೇಂಗಾ. ಹಳೆಯದು ಮುಂದೆ, ಹೊಸದು ಹಿಂದೆ. ಎಷ್ಟು ತೆಗೆದರೋ ಅಷ್ಟು ಮತ್ತೆ ಸೇರುತ್ತದೆ. ಕಾಕಾ ಒಮ್ಮೆ ಎಲ್ಲಿಯದೋ ಹಾಳೆ ಹಿಡಿದು ಬಂದು, ಜೋಳದಲ್ಲಿ ಲೈಸಿನ್ ಕಡಿಮೆ, ತೊಗರಿಯಲ್ಲಿ ಅದು ಧಾರಾಳ, ಎರಡೂ ಕೂಡಿದರೆ ಪ್ರೋಟೀನು ಸರಿಹೋಗುತ್ತದೆ ಅಂತ ಅರ್ಧ ತಾಸು ಭಾಷಣ ಮಾಡಿದರು. ಚಿಗವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಮೂವತ್ತು ವರ್ಷದಿಂದ ಗಂಗಾಳದಾಗ ರೊಟ್ಟಿ ಜೋಡಿ ಬ್ಯಾಳಿ ಹಾಕಾಕತ್ತೀನಿ. ಈಗ ಗೊತ್ತಾತೇನು?"

ಹೋದ ಬೇಸಿಗೆಯಲ್ಲಿ ಕಾಕಾ ಅಂಗಳದ ಹಗೇವು, ಅಂದರೆ ಕಾಳು ತುಂಬಿಡುವ ನೆಲಗುಂಡಿ, ತೆಗೆಸಿದರು. ಅಜ್ಜನ ಕಾಲದ್ದು, ಎರಡು ವರ್ಷದ ಹಿಂದೆ ಸುತ್ತ ಹುಲ್ಲು ಕೊಟ್ಟು, ಜೋಳ ತುಂಬಿ, ಮಣ್ಣು ಮೆತ್ತಿ ಮುಚ್ಚಿಸಿದ್ದರು. ಮುಚ್ಚಿದ ಹಗೇವಿನಲ್ಲಿ ಕಾಳು ಉಸಿರಾಡಿ ಉಸಿರಾಡಿ ಒಳಗಿನ ಗಾಳಿಯನ್ನೆಲ್ಲ ಕೆಡಿಸುತ್ತದೆ. ಹುಳ ಉಳಿಯದಿರುವುದು ಅದಕ್ಕೇ, ಅವಸರಪಟ್ಟು ಇಳಿದ ಮನುಷ್ಯ ಉಳಿಯದಿರುವುದೂ ಅದಕ್ಕೇ. ಹಿರಿಯರು ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ಆಮೇಲೆ ದೀಪ ಇಳಿಬಿಟ್ಟು ನೋಡುತ್ತಿದ್ದರು, ಆರಿದರೆ ಇಳಿಯುತ್ತಿರಲಿಲ್ಲ. ಈ ಪರೀಕ್ಷೆ ಕಾಕಾರಿಗೂ ನೆನಪಿತ್ತು. ಮಗನ ಮೊಬೈಲಿನ ಟಾರ್ಚ್ ಹಚ್ಚಿ, ಹಗ್ಗ ಕಟ್ಟಿ ಇಳಿಬಿಟ್ಟರು. "ನೋಡು, ಉರಿಯಾಕತ್ತೈತಿ. ಗಾಳಿ ಬೇಷೈತಿ!" ಅಂತ ಧೋತರ ಮೇಲೆ ಕಟ್ಟಿದರು.

ಚಿಗವ್ವ ಹಿಂದಿನಿಂದ ಕಚ್ಚೆ ಹಿಡಿದು ಜಗ್ಗಿ ಕೂರಿಸಿದರು. ಅಟ್ಟದ ಕಂದೀಲು ತರಿಸಿ, ಹಚ್ಚಿ, ಅದೇ ಹಗ್ಗಕ್ಕೆ ಕಟ್ಟಿ ಇಳಿಸಿದರು. ಮೊಳದುದ್ದ ಇಳಿಯುವುದರೊಳಗೆ ಪುಸಕ್ಕನೆ ಆರಿತು. ಸುತ್ತ ನಿಂತವರೆಲ್ಲ ಎರಡು ಹೆಜ್ಜೆ ಹಿಂದೆ ಸರಿದರು.

ಕಾಕಾ ಬಗ್ಗಿ ನೋಡಿದರು. "ಎಣ್ಣಿ ತೀರಿರಬೇಕು" ಅಂದವರೇ ಜೇಬಿನ ಪುಸ್ತಕ ತೆಗೆದು ಬರೆದುಕೊಂಡರು: ಚಿಮಣಿ ಎಣ್ಣಿ, ಐದು ಲೀಟರ್.